ಬ್ರೇಕ್ ಇಲ್ಲದ ಬೈಕಿನಿಂದ ಕೈಯಲ್ಲಿ ತಿರುಗಿಸುವ ಸೈಕಲ್‌ಗೆ: ರಫಾವ್ ವಿಲ್ಕ್ ಸಾಗಿದ ದಾರಿ

ಬೈಕ್ ರೇಸಿನಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ ಸವಾರ ಆರು ವರ್ಷಗಳ ನಂತರ ಪ್ಯಾರಾಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದರು. ಇಷ್ಟು ಸಿಕ್ಕಿದರೆ ಸಾಕು, ನಮ್ಮ ಪತ್ರಿಕೆಗಳಿಗೆ ಶೀರ್ಷಿಕೆ ತಾನಾಗಿಯೇ ಹೊಳೆಯುತ್ತದೆ: ‘ಛಲದ ಮುಂದೆ ಮಣಿದ ವಿಧಿ’. ಛಲ ಇರಲಿಲ್ಲ ಎಂದು ಯಾರೂ ಹೇಳುವುದಿಲ್ಲ. ಆದರೆ ಬೆನ್ನುಹುರಿ ಛಲಕ್ಕೆ ಬಗ್ಗುವ ವಸ್ತುವಲ್ಲ. ಬಿದ್ದ ದಿನಕ್ಕೂ ಪದಕದ ದಿನಕ್ಕೂ ನಡುವೆ ಶರೀರಶಾಸ್ತ್ರವಿದೆ, ಯಂತ್ರಶಾಸ್ತ್ರವಿದೆ, ಯಾರು ಯಾರ ಜೊತೆ ಸ್ಪರ್ಧಿಸಬೇಕು ಎಂದು ತೀರ್ಮಾನಿಸುವ ತಲೆನೋವಿನ ನಿಯಮಾವಳಿಯೂ ಇದೆ. ಶೀರ್ಷಿಕೆ ಬರೆಯುವವರು ಬಿಟ್ಟುಬಿಡುವ ಈ ಭಾಗವೇ ನನಗೆ ಹೆಚ್ಚು ಕುತೂಹಲದ್ದು.

ಆ ಸವಾರರ ಹೆಸರು ರಫಾವ್ ವಿಲ್ಕ್. 1974ರಲ್ಲಿ ಹುಟ್ಟಿದವರು, ಪೋಲೆಂಡಿನವರು. ಅವರು ಓಡಿಸುತ್ತಿದ್ದದ್ದು ಸ್ಪೀಡ್‌ವೇ ಬೈಕು. ನಮ್ಮಲ್ಲಿ ಹೆಚ್ಚು ಜನ ನೋಡಿರದ ಈ ಆಟಕ್ಕೆ ಪೋಲೆಂಡಿನಲ್ಲಿರುವ ಹುಚ್ಚು ದೊಡ್ಡದು. ಅಲ್ಲಿ ಊರೂರಿಗೆ ಕ್ಲಬ್ಬುಗಳಿವೆ, ಲೀಗ್ ಇದೆ, ಭಾನುವಾರ ಕುಟುಂಬ ಸಮೇತ ಕ್ರೀಡಾಂಗಣಕ್ಕೆ ಹೋಗುವ ರೂಢಿಯಿದೆ. ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕು, ಒಂದು ಸುತ್ತು ಸುಮಾರು ಮುನ್ನೂರರಿಂದ ನಾನ್ನೂರು ಮೀಟರು. ಒಂದು ಹೀಟ್‌ನಲ್ಲಿ, ಅಂದರೆ ಪಂದ್ಯದ ಒಂದು ಬಿಡಿ ಓಟದಲ್ಲಿ, ನಾಲ್ವರು ಸವಾರರು ನಾಲ್ಕು ಸುತ್ತು ಹಾಕುತ್ತಾರೆ, ಎಡಕ್ಕೆ ಮಾತ್ರ ತಿರುಗುತ್ತಾರೆ. ಒಂದು ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿಯುತ್ತದೆ. ಮೊದಲು ಬಂದವನಿಗೆ ಮೂರು ಅಂಕ, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಕೊನೆಯವನಿಗೆ ಸೊನ್ನೆ.

ಬೈಕನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಏನೇನಿದೆ ಎನ್ನುವುದಕ್ಕಿಂತ ಏನೇನಿಲ್ಲ ಎಂಬುದೇ ಮೊದಲು ಕಣ್ಣಿಗೆ ಬೀಳುತ್ತದೆ. 500 ಸಿಸಿಯ ಒಂಟಿ ಸಿಲಿಂಡರಿನ ಎಂಜಿನ್, ಮೆಥನಾಲ್ ಇಂಧನ, ಒಂದೇ ಗೇರು. ಹಿಂಬದಿಗೆ ಸಸ್ಪೆನ್ಷನ್ ಇಲ್ಲ. ಬ್ರೇಕ್ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಸವಾರನ ಎಡಗಾಲಿನ ಬೂಟಿನ ಕೆಳಗೆ ಉಕ್ಕಿನ ತಗಡಿನ ಇನ್ನೊಂದು ಪಾದರಕ್ಷೆ ಕಟ್ಟಿರುತ್ತಾರೆ. ತಿರುವಿನಲ್ಲಿ ಆ ಕಾಲನ್ನು ನೆಲಕ್ಕೆ ಊರಿ ಜಾರಿಸುತ್ತಾ ಹೋಗಬೇಕು. ಹಿಂದಿನ ಚಕ್ರ ಹೊರಗೆ ಒದೆಯುತ್ತಿರುತ್ತದೆ, ಬೈಕು ಎಡಕ್ಕೆ ತಿರುಗುತ್ತಿದ್ದರೂ ಹ್ಯಾಂಡಲ್ ಮಾತ್ರ ಬಲಕ್ಕೆ ತಿರುಗಿರುತ್ತದೆ. ಸವಾರನ ಮಣಿಕಟ್ಟಿಗೆ ಒಂದು ದಾರ. ಆತ ಬೈಕಿನಿಂದ ಎಸೆಯಲ್ಪಟ್ಟರೆ ಆ ದಾರ ಕಿತ್ತುಕೊಂಡು ಎಂಜಿನ್ ನಿಲ್ಲುತ್ತದೆ.

ಬ್ರೇಕ್ ಇಲ್ಲದಿರುವುದು ಹುಚ್ಚುತನವಲ್ಲವೇ ಎಂದು ಕೇಳುವವರಿಗೆ ಆಟದವರು ಕೊಡುವ ಉತ್ತರ ತಿರುವುಮುರುವಾಗಿದೆ: ಬ್ರೇಕ್ ಇದ್ದಿದ್ದರೆ ಇನ್ನೂ ಅಪಾಯ. ನಾಲ್ಕು ಬೈಕುಗಳು ಒಂದು ಗೇಣಿನ ಅಂತರದಲ್ಲಿ ಜಾರುತ್ತಿರುವಾಗ ಮುಂದಿನವನು ಹಠಾತ್ತನೆ ಬ್ರೇಕ್ ಒತ್ತಿದರೆ ಹಿಂದಿನವರೆಲ್ಲ ಅವನ ಮೇಲೆಯೇ ಬೀಳುತ್ತಾರೆ. ಎಲ್ಲರೂ ಎಕ್ಸಲರೇಟರ್ ಇಳಿಸಿ, ಜಾರಿಕೆಯಿಂದಲೇ ವೇಗ ತಗ್ಗಿಸಬೇಕಾದಾಗ ಇನ್ನೊಬ್ಬನ ಮುಂದಿನ ನಡೆಯನ್ನು ಊಹಿಸಬಹುದು. ಈ ವಾದ ಎಲ್ಲರೂ ಬೈಕಿನ ಮೇಲಿರುವ ತನಕ ಸರಿ. ಒಬ್ಬ ನೆಲಕ್ಕೆ ಬಿದ್ದ ಕ್ಷಣ ಲೆಕ್ಕ ತಲೆಕೆಳಗಾಗುತ್ತದೆ. ಹಿಂದೆ ಬರುತ್ತಿರುವವನಿಗೆ ಉಳಿಯುವುದು ಎರಡೇ ದಾರಿ: ತಾನೂ ಬೈಕನ್ನು ಮಲಗಿಸಿ ಬೀಳುವುದು, ಇಲ್ಲವೇ ಗುದ್ದುವುದು. ಅದಕ್ಕೂ ಸಮಯ ಸಿಗಬೇಕು.

2006ರಲ್ಲಿ ಆಗ್ನೇಯ ಪೋಲೆಂಡಿನ ಕ್ರೋಸ್ನೋ ಪಟ್ಟಣದಲ್ಲಿ ನಡೆದ ಲೀಗ್ ಪಂದ್ಯದಲ್ಲಿ ಆದದ್ದು ಇದೇ. ವಿಲ್ಕ್ ಟ್ರ್ಯಾಕಿನ ಮೇಲೆ ಬಿದ್ದರು, ಹಿಂದಿನಿಂದ ಬಂದ ಬೈಕು ಅವರ ಬೆನ್ನಿಗೆ ಬಡಿಯಿತು. ಬೆನ್ನುಹುರಿಗೆ ಹಾನಿಯಾಯಿತು, ಕಾಲುಗಳ ಸ್ವಾಧೀನ ತಪ್ಪಿತು. ಆಗ ಅವರಿಗೆ ಮೂವತ್ತೊಂದು ವರ್ಷ.

ಬೆನ್ನುಮೂಳೆ ಮತ್ತು ಬೆನ್ನುಹುರಿ ಒಂದೇ ಅಲ್ಲ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ಎಲ್ಲವೂ ಇದರ ಮೇಲೆ ನಿಂತಿದೆ. ಮೂಳೆ ಮುರಿದರೆ ಕೂಡುತ್ತದೆ. ಮೂಳೆಗಳ ನಡುವಿನ ಕೊಳವೆಯಲ್ಲಿ ಮಿದುಳಿನಿಂದ ಕೆಳಕ್ಕೆ ಇಳಿಯುವ ನರತಂತುಗಳ ಕಟ್ಟು, ಅಂದರೆ ಬೆನ್ನುಹುರಿ, ಜಜ್ಜಿಹೋದರೆ ಕೂಡುವುದಿಲ್ಲ. ಕೈಯ ಅಥವಾ ಕಾಲಿನ ನರ ತುಂಡಾದರೆ ನಿಧಾನಕ್ಕಾದರೂ ಬೆಳೆಯುವ ಸಾಧ್ಯತೆಯುಂಟು. ಮಿದುಳು ಮತ್ತು ಬೆನ್ನುಹುರಿಯ ತಂತುಗಳಿಗೆ ಆ ಗುಣ ಇಲ್ಲವೆಂದೇ ಹೇಳಬೇಕು. ಪೆಟ್ಟು ಯಾವ ಎತ್ತರದಲ್ಲಿ ಬಿತ್ತು ಎಂಬುದರ ಮೇಲೆ ಉಳಿದ ಬದುಕು ನಿರ್ಧಾರವಾಗುತ್ತದೆ. ಕಾಲುವೆಯ ತೂಬು ಎಲ್ಲಿ ಮುಚ್ಚಿತೋ ಅಲ್ಲಿಂದ ಕೆಳಗಿನ ಗದ್ದೆಗಳಿಗೆಲ್ಲ ನೀರು ನಿಂತಂತೆ, ಪೆಟ್ಟಿನ ಜಾಗದಿಂದ ಕೆಳಗಿನ ಅಂಗಗಳಿಗೆ ಮಿದುಳಿನ ಸುದ್ದಿ ಮುಟ್ಟುವುದಿಲ್ಲ, ಅಲ್ಲಿಂದ ಮೇಲಕ್ಕೂ ಸುದ್ದಿ ಬರುವುದಿಲ್ಲ. ಕುತ್ತಿಗೆಯಲ್ಲಿ ಏಳು ಕಶೇರುಗಳು, ಅಂದರೆ ಬೆನ್ನುಮೂಳೆಯ ಮಣಿಗಳಿವೆ. ಅಲ್ಲಿ ಪೆಟ್ಟಾದರೆ ಕೈ, ಕಾಲು ಎರಡಕ್ಕೂ ತೊಂದರೆ. ಎದೆಯ ಹಿಂಭಾಗದಲ್ಲಿ ಹನ್ನೆರಡು. ಅಲ್ಲಿ ಪೆಟ್ಟಾದರೆ ಕೈ ಉಳಿಯುತ್ತದೆ, ಎಷ್ಟು ಕೆಳಗೆ ಪೆಟ್ಟು ಬಿತ್ತೋ ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳ ಹಿಡಿತ ಅಷ್ಟು ಹೆಚ್ಚು ಉಳಿಯುತ್ತದೆ.

ನಡೆಯಲಾಗದಿರುವುದು ಹೊರಗಿನವರ ಕಣ್ಣಿಗೆ ಬೀಳುವ ನಷ್ಟ. ಒಳಗಿನ ನಷ್ಟಗಳು ಬೇರೆ. ಮೂತ್ರಕೋಶ ತುಂಬಿದ್ದು ಗೊತ್ತಾಗುವುದಿಲ್ಲ. ಒಂದೇ ಭಂಗಿಯಲ್ಲಿ ಕೂತು ಚರ್ಮ ಕೊಳೆಯತೊಡಗಿದರೂ ನೋವಿಲ್ಲ, ಹುಣ್ಣಾದ ಮೇಲೆ ಕಣ್ಣಿಂದ ನೋಡಿಯೇ ತಿಳಿಯಬೇಕು. ಪೆಟ್ಟಿನ ಕೆಳಗಿನ ಭಾಗದಲ್ಲಿ ಬೆವರುವಿಕೆ ಸರಿಯಾಗಿ ನಡೆಯುವುದಿಲ್ಲ, ಹಾಗಾಗಿ ಬಿಸಿಲಿನಲ್ಲಿ ಮೈ ತಣ್ಣಗಾಗುವುದು ಕಷ್ಟ. ಎರಡನೇ ಮಹಾಯುದ್ಧದ ಕಾಲದವರೆಗೂ ಬೆನ್ನುಹುರಿ ಮುರಿದವರಲ್ಲಿ ಹೆಚ್ಚಿನವರು ಸಾಯುತ್ತಿದ್ದದ್ದು ಆ ಪೆಟ್ಟಿನಿಂದಲ್ಲ, ಮೂತ್ರದ ಸೋಂಕಿನಿಂದ ಮತ್ತು ಹಾಸಿಗೆ ಹುಣ್ಣಿನಿಂದ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗಟ್‌ಮನ್ ರೋಗಿಗಳನ್ನು ಹಗಲುರಾತ್ರಿ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ನಿಯಮ ತಂದರು. ಬದುಕಿ ಉಳಿದವರನ್ನು ಹಾಸಿಗೆಯಿಂದ ಎಬ್ಬಿಸಲು ಕ್ರೀಡೆಯನ್ನು ಚಿಕಿತ್ಸೆಯಾಗಿ ಬಳಸಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಅವರ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಹದಿನಾರು ಮಂದಿ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲು ಹಿಡಿದರು. ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ನಮ್ಮ ಕಡೆ ಇದೇ ಕೆಲಸಕ್ಕೆ ಬುನಾದಿ ಹಾಕಿದವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಮೇರಿ ವರ್ಗೀಸ್. 1954ರ ರಸ್ತೆ ಅಪಘಾತದಲ್ಲಿ ಅವರದೇ ಬೆನ್ನುಹುರಿಗೆ ಪೆಟ್ಟಾಯಿತು. ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, ಆ ಮೇಲೆ ಅಲ್ಲಿನ ಪುನರ್ವಸತಿ ವಿಭಾಗವನ್ನು ಕಟ್ಟಿದರು. ಬೆಂಗಳೂರಿನಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಆರಂಭಿಸಿದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ) ಸಂಸ್ಥೆ ಬೆನ್ನುಹುರಿ ಗಾಯಾಳುಗಳಿಗೆ ಇಂದಿಗೂ ಪುನರ್ವಸತಿ ತರಬೇತಿ ಕೊಡುತ್ತದೆ.

ವಿಷಯಾಂತರವಾದರೂ ಒಂದು ಮಾತು ಹೇಳಿಬಿಡುತ್ತೇನೆ. ರೇಸ್ ಟ್ರ್ಯಾಕಿನಲ್ಲಿ ಬಿದ್ದವನನ್ನು ತರಬೇತಾದವರು ಕುತ್ತಿಗೆಗೆ ಪಟ್ಟಿ ಹಾಕಿ, ಹಲಗೆಗೆ ಕಟ್ಟಿ, ಮೈ ತಿರುಚದಂತೆ ಎತ್ತುತ್ತಾರೆ. ನಮ್ಮ ಹೆದ್ದಾರಿಗಳಲ್ಲಿ ಬೈಕ್ ಸವಾರ ಬಿದ್ದರೆ ನಾಲ್ಕು ಜನ ಕೈಕಾಲು ಹಿಡಿದು ಆಟೋದೊಳಗೆ ಮಡಚಿ ಕೂರಿಸುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಮುರಿದ ಕಶೇರು ಆ ಎಳೆದಾಟದಲ್ಲಿ ಸರಿದು, ಅಲ್ಲಿಯವರೆಗೆ ಸುರಕ್ಷಿತವಾಗಿದ್ದ ಹುರಿಯನ್ನು ಕತ್ತರಿಸಬಲ್ಲದು. ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ, ಬೆಂಕಿಯ ಅಥವಾ ವಾಹನ ನುಗ್ಗಿ ಬರುವ ಅಪಾಯವಿಲ್ಲದಿದ್ದರೆ, ಬಿದ್ದವನನ್ನು ಬಿದ್ದಂತೆಯೇ ಬಿಟ್ಟು, ಹೆಲ್ಮೆಟ್ ಎಳೆಯದೆ, ತಲೆ ಅಲುಗಾಡದಂತೆ ಹಿಡಿದು 108ಕ್ಕೆ ಕರೆ ಮಾಡುವುದೇ ದೊಡ್ಡ ಉಪಕಾರ.

ಈಗ ಎರಡನೇ ಯಂತ್ರಕ್ಕೆ, ಅಂದರೆ ಅಪಘಾತದ ನಂತರ ವಿಲ್ಕ್ ಹತ್ತಿದ ಕೈಯಲ್ಲಿ ತಿರುಗಿಸುವ ಸೈಕಲ್‌ಗೆ ಬರೋಣ. ಹ್ಯಾಂಡ್‌ಸೈಕಲ್‌ಗೆ ಮೂರು ಚಕ್ರ, ಹಿಂದೆ ಎರಡು, ಮುಂದೆ ಒಂದು. ವಿಲ್ಕ್ ಸ್ಪರ್ಧಿಸುವ ಬಗೆಯದರಲ್ಲಿ ಸವಾರ ಹೆಚ್ಚುಕಡಿಮೆ ಅಂಗಾತ ಮಲಗಿರುತ್ತಾನೆ. ಬೆನ್ನು ನೆಲದಿಂದ ಸ್ವಲ್ಪವೇ ಮೇಲೆ, ತಲೆಗೆ ಒಂದು ಆಸರೆ, ಕಾಲುಗಳು ಮುಂದಿನ ಚಕ್ರದ ಎರಡೂ ಬದಿಯ ತೊಟ್ಟಿಲಿನಂಥ ತಟ್ಟೆಗಳಲ್ಲಿ ಪಟ್ಟಿಯಿಂದ ಬಿಗಿಯಲ್ಪಟ್ಟಿರುತ್ತವೆ. ಎದೆಯ ಮೇಲ್ಭಾಗದಲ್ಲಿ, ಮುಖಕ್ಕೆ ತುಸು ದೂರದಲ್ಲಿ, ಕೈಯಿಂದ ತಿರುಗಿಸುವ ಕ್ರ್ಯಾಂಕ್. ಅದರಿಂದ ಇಳಿಯುವ ಚೈನು ಮುಂದಿನ ಚಕ್ರವನ್ನೇ ಓಡಿಸುತ್ತದೆ. ಗೇರುಗಳೂ ಮುಂದೆಯೇ. ಬ್ರೇಕ್ ಹಿಡಿಯಲು ಕೈ ಬೇರೆ ಕಡೆ ಹೋಗಬೇಕಿಲ್ಲ, ಹಿಡಿಕೆಯ ಬಳಿಯೇ ಇರುತ್ತದೆ. ಹಿಂದೆ ತಿರುಗಿ ನೋಡುವುದು ಅಸಾಧ್ಯವಾದ್ದರಿಂದ ಕನ್ನಡಿ ಕಡ್ಡಾಯ.

ಸಾಮಾನ್ಯ ಸೈಕಲಿನ ಎರಡು ಪೆಡಲುಗಳು ಒಂದಕ್ಕೊಂದು ಎದುರು ಬದುರು, ಒಂದು ಮೇಲಿದ್ದರೆ ಇನ್ನೊಂದು ಕೆಳಗೆ. ಹ್ಯಾಂಡ್‌ಸೈಕಲಿನ ಹಿಡಿಕೆಗಳು ಹಾಗಲ್ಲ, ಎರಡೂ ಜೊತೆಯಾಗಿ ಮೇಲೆ ಹೋಗಿ ಜೊತೆಯಾಗಿ ಕೆಳಗಿಳಿಯುತ್ತವೆ. ಮೊದಲ ನೋಟಕ್ಕೆ ಇದು ಶಕ್ತಿ ವ್ಯರ್ಥ ಮಾಡುವ ವ್ಯವಸ್ಥೆಯಂತೆ ಕಾಣುತ್ತದೆ. ಕಾರಣ ಸರಳ. ಈ ಗಾಡಿಯಲ್ಲಿ ಓಡಿಸುವ ಚಕ್ರವೂ ತಿರುಗಿಸುವ ಚಕ್ರವೂ ಒಂದೇ. ಬಲಗೈ ತಳ್ಳಿದಾಗ ಎಡಗೈ ಎಳೆದರೆ ಪ್ರತಿ ಸುತ್ತಿಗೂ ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಎರಡೂ ಕೈ ಜೊತೆಗೆ ದುಡಿದರೆ ಬಲ ನೇರವಾಗಿ ಬೀಳುತ್ತದೆ, ದೇಹ ಹಿಂದಿನ ಆಸರೆಗೆ ಒತ್ತಿಕೊಂಡು ಸ್ಥಿರವಾಗಿರುತ್ತದೆ. ಮಂಡಿಯೂರಿ ಕೂರುವ ಇನ್ನೊಂದು ಬಗೆಯ ಹ್ಯಾಂಡ್‌ಸೈಕಲಿನಲ್ಲಿ ಸೊಂಟದಿಂದ ಮೇಲಿನ ಇಡೀ ದೇಹದ ತೂಕವನ್ನು ಮುಂದಕ್ಕೆ ಎಸೆದು ಕ್ರ್ಯಾಂಕ್ ಒತ್ತಬಹುದು. ಅದಕ್ಕೆ ಹೊಟ್ಟೆ ಮತ್ತು ಸೊಂಟದ ಸ್ನಾಯು ಪೂರ್ತಿ ಮಾತು ಕೇಳಬೇಕು. ಕಾಲು ಕಳೆದುಕೊಂಡಿದ್ದರೂ ಬೆನ್ನುಹುರಿ ಸುರಕ್ಷಿತವಾಗಿರುವವರಿಗೆ ಅದು ಸರಿ, ವಿಲ್ಕ್ ಅವರಂಥವರಿಗೆ ಅಲ್ಲ.

ಕಾಲಿನಿಂದ ಮಾಡುವ ಕೆಲಸವನ್ನು ಕೈಯಿಂದ ಮಾಡಿಸುವಾಗ ದೇಹ ಎಲ್ಲಿ ಸಿಕ್ಕಿಬೀಳುತ್ತದೆ? ಮೊದಲನೆಯದು ಸ್ನಾಯುವಿನ ಗಾತ್ರ. ತೊಡೆಯ ಮುಂದೆ ತೋಳು ಚಿಕ್ಕದು. ಆರೋಗ್ಯವಂತನೇ ಆದರೂ ಕೈಯಿಂದ ಕ್ರ್ಯಾಂಕ್ ತಿರುಗಿಸುವಾಗ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ ಕಾಲಿನಿಂದ ಪೆಡಲ್ ಮಾಡುವಾಗ ಬಳಸುವುದರ ಮುಕ್ಕಾಲು ಭಾಗವನ್ನೂ ಮುಟ್ಟುವುದು ಕಷ್ಟ. ಎರಡನೆಯದು ಇನ್ನೂ ಸೂಕ್ಷ್ಮ. ನಾವು ಓಡುವಾಗ ಕಾಲಿನ ಸ್ನಾಯುಗಳು ಹಿಂಡುತ್ತಾ ಬಿಡುತ್ತಾ ಅಲ್ಲಿನ ರಕ್ತವನ್ನು ಹೃದಯಕ್ಕೆ ಮರಳಿ ತಳ್ಳುತ್ತವೆ. ಕಾಲು ನಿಶ್ಚಲವಾದಾಗ ಆ ಪಂಪು ನಿಂತುಹೋಗುತ್ತದೆ, ರಕ್ತ ಕೆಳಗೇ ನಿಲ್ಲುತ್ತದೆ, ಹೃದಯಕ್ಕೆ ಬರುವ ರಕ್ತವೇ ಕಡಿಮೆಯಾದ್ದರಿಂದ ಪ್ರತಿ ಬಡಿತಕ್ಕೂ ಹೊರಹೋಗುವ ರಕ್ತವೂ ಕಡಿಮೆ. ಮಲಗಿಕೊಂಡು ಸವಾರಿ ಮಾಡುವುದಕ್ಕೆ ಗಾಳಿಯ ತಡೆ ತಗ್ಗಿಸುವುದೊಂದೇ ಕಾರಣವಲ್ಲ. ಕಾಲುಗಳು ಹೃದಯದ ಮಟ್ಟಕ್ಕೆ ಹತ್ತಿರವಿದ್ದಾಗ ರಕ್ತ ಮರಳುವುದೂ ಸುಲಭವಾಗುತ್ತದೆ. ಕುತ್ತಿಗೆ ಅಥವಾ ಎದೆಯ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಮೂರನೇ ತೊಡಕೊಂದು ಉಂಟು: ಹೃದಯದ ಬಡಿತವನ್ನು ಏರಿಸುವ ನರಗಳು ಬೆನ್ನುಹುರಿಯಿಂದ ಹೊರಡುವುದು ಎದೆಯ ಮೇಲ್ಭಾಗದ ಮಟ್ಟದಲ್ಲೇ. ಆ ಸಂಪರ್ಕ ಕಡಿದರೆ ಎಷ್ಟು ದಣಿದರೂ ಬಡಿತ ನಿಮಿಷಕ್ಕೆ 130ರ ಆಚೆಗೆ ಹೋಗುವುದು ಅಪರೂಪ.

ಇಲ್ಲೊಂದು ಕತ್ತಲೆಯ ಮೂಲೆಯೂ ಇದೆ. ಮೇಲ್ಮಟ್ಟದ ಪೆಟ್ಟಿರುವವರಲ್ಲಿ, ಸ್ವಾಧೀನವಿಲ್ಲದ ಭಾಗಕ್ಕೆ ನೋವು ಕೊಟ್ಟರೆ ಅಥವಾ ಮೂತ್ರಕೋಶ ತುಂಬಿಕೊಂಡೇ ಇದ್ದರೆ, ನೋವಿನ ಅರಿವಿಲ್ಲದಿದ್ದರೂ ದೇಹ ಪ್ರತಿಕ್ರಿಯಿಸಿ ರಕ್ತದೊತ್ತಡವನ್ನು ಒಮ್ಮೆಲೇ ಏರಿಸುತ್ತದೆ. ಒತ್ತಡ ಏರಿದರೆ ಓಟ ಸುಧಾರಿಸುತ್ತದೆ. ಹಾಗಾಗಿ ಕೆಲವರು ಬೇಕೆಂದೇ ಇದನ್ನು ಮಾಡಿಕೊಂಡ ಇತಿಹಾಸವಿದೆ. ಬೂಸ್ಟಿಂಗ್ ಎಂದು ಕರೆಯುವ ಈ ಪದ್ಧತಿಯನ್ನು ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ನಿಷೇಧಿಸಿದೆ, ಏಕೆಂದರೆ ಅದೇ ಒತ್ತಡ ಮಿದುಳಿನ ರಕ್ತನಾಳವನ್ನೂ ಒಡೆಯಬಲ್ಲದು. ಮನುಷ್ಯನ ಗೆಲುವಿನ ದಾಹಕ್ಕೆ ಅಂಗವೈಕಲ್ಯ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಪ್ಯಾರಾ ಕ್ರೀಡಾಪಟುಗಳನ್ನು ಸಂತರಂತೆ ಚಿತ್ರಿಸುವವರು ಇದನ್ನೂ ಓದಿಕೊಳ್ಳಬೇಕು.

ಯಾರ ಜೊತೆ ಯಾರು ಓಡಬೇಕು? ಪ್ಯಾರಾ ಸೈಕ್ಲಿಂಗ್‌ನಲ್ಲಿ ನಾಲ್ಕು ಕುಟುಂಬಗಳು. ದೃಷ್ಟಿ ಇಲ್ಲದವರು ಮುಂದೆ ಕಣ್ಣಿರುವ ಚಾಲಕನನ್ನು ಕೂರಿಸಿಕೊಂಡು ಟ್ಯಾಂಡಮ್ ಸೈಕಲ್ ಓಡಿಸುತ್ತಾರೆ, ಅದು ಬಿ. ಸಮತೋಲನದ ತೊಂದರೆ ಇರುವವರಿಗೆ ಮೂರು ಚಕ್ರದ ಸೈಕಲ್, ಟಿ1 ಮತ್ತು ಟಿ2. ಕೈ ಅಥವಾ ಕಾಲು ಕಳೆದುಕೊಂಡೂ ಎರಡು ಚಕ್ರದ ಸೈಕಲ್ ಓಡಿಸಬಲ್ಲವರು ಸಿ1ರಿಂದ ಸಿ5. ಹ್ಯಾಂಡ್‌ಸೈಕಲಿನವರು ಎಚ್1ರಿಂದ ಎಚ್5. ಅಂಕಿ ದೊಡ್ಡದಾದಷ್ಟೂ ದೇಹದಲ್ಲಿ ಉಳಿದಿರುವ ಸಾಮರ್ಥ್ಯ ಹೆಚ್ಚು. ಎಚ್1, ಎಚ್2 ಕುತ್ತಿಗೆಯ ಪೆಟ್ಟಿನವರು. ಎಚ್3 ಎದೆಯ ಮಟ್ಟದ, ಹತ್ತನೇ ಎದೆ ಕಶೇರುವಿನವರೆಗಿನ ಪೆಟ್ಟಿನವರು. ಅದಕ್ಕಿಂತ ಕೆಳಗಿನವರು ಎಚ್4. ಮಂಡಿಯೂರಿ ಓಡಿಸುವವರು ಎಚ್5. ಇದು ಸ್ಥೂಲ ನಕ್ಷೆ ಮಾತ್ರ. ವಾಸ್ತವದಲ್ಲಿ ವೈದ್ಯರು ಮತ್ತು ತಜ್ಞರ ಸಮಿತಿ ಪ್ರತಿಯೊಬ್ಬರ ಸ್ನಾಯುಗಳನ್ನು ಒಂದೊಂದಾಗಿ ಮುಟ್ಟಿ, ಬಗ್ಗಿಸಿ, ಗಾಡಿಯಲ್ಲಿ ಕೂರಿಸಿ ನೋಡಿ ವರ್ಗ ಕೊಡುತ್ತದೆ. ಎರಡು ವರ್ಗದವರನ್ನು ಒಂದೇ ಸ್ಪರ್ಧೆಗೆ ಸೇರಿಸಬೇಕಾದಾಗ ಗಡಿಯಾರದ ಸಮಯವನ್ನು ಒಂದು ನಿಗದಿತ ಅಂಶದಿಂದ ಗುಣಿಸಿ ತೀರ್ಪು ಕೊಡುವುದೂ ಉಂಟು. ಹಾಗಾಗಿ ಮೊದಲು ಗೆರೆ ದಾಟಿದವರು ಪದಕದ ಪಟ್ಟಿಯಲ್ಲಿ ಮೂರನೆಯವರಾದರೆ ಗಾಬರಿಯಾಗಬೇಕಿಲ್ಲ.

ವಿಲ್ಕ್ ಬಗ್ಗೆ ಓದುವವರು ಒಂದು ಗೊಂದಲಕ್ಕೆ ಸಿಕ್ಕುತ್ತಾರೆ: 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎಚ್3, 2016ರ ರಿಯೊದಲ್ಲಿ ಎಚ್4. ಅವರ ಸ್ಥಿತಿ ಸುಧಾರಿಸಿತೇ? ಇಲ್ಲ. 2012ರಲ್ಲಿ ನಾಲ್ಕೇ ವರ್ಗಗಳಿದ್ದವು. ಕುತ್ತಿಗೆಯ ಪೆಟ್ಟಿನವರನ್ನು ಒಂದೇ ವರ್ಗದಲ್ಲಿಟ್ಟದ್ದು ಅನ್ಯಾಯವೆಂದು ಆಮೇಲೆ ಅದನ್ನು ಎರಡಾಗಿ ಒಡೆದರು, ಉಳಿದವರ ಸಂಖ್ಯೆಗಳು ಒಂದೊಂದು ಮುಂದೆ ಸರಿದವು. ದೇಹ ಅದೇ, ಹಣೆಪಟ್ಟಿ ಬೇರೆ. ಈ ಕ್ರೀಡೆಯ ನಿಯಮಗಳಿಗೆ ಇನ್ನೂ ವಯಸ್ಸಾಗಿಲ್ಲ. ಹ್ಯಾಂಡ್‌ಸೈಕ್ಲಿಂಗ್ ಪ್ಯಾರಾಲಿಂಪಿಕ್ಸ್‌ಗೆ ಬಂದದ್ದು 2004ರ ಅಥೆನ್ಸ್‌ನಲ್ಲಿ, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಪ್ಯಾರಾ ಸೈಕ್ಲಿಂಗ್‌ನ ಹೊಣೆ ಹೊತ್ತದ್ದು 2007ರಲ್ಲಿ. ವಿಲ್ಕ್ ಬಿದ್ದ ವರ್ಷ 2006 ಎಂಬುದನ್ನು ನೆನೆದರೆ, ಅವರು ಹದಿನೈದು ವರ್ಷ ಮೊದಲು ಬಿದ್ದಿದ್ದರೆ ಇದೇ ಛಲಕ್ಕೆ ಇಂಥ ವೇದಿಕೆ ಸಿಗುತ್ತಿರಲಿಲ್ಲ.

2012ರ ಸೆಪ್ಟೆಂಬರಿನ ಪ್ಯಾರಾ ಸೈಕ್ಲಿಂಗ್ ರಸ್ತೆ ಸ್ಪರ್ಧೆಗಳು ನಡೆದದ್ದು ಲಂಡನ್ನಿನ ಹೊರಗೆ, ಕೆಂಟ್ ಸೀಮೆಯ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ. ಅದು ಮೋಟಾರ್ ರೇಸಿಂಗ್ ಟ್ರ್ಯಾಕು, ಒಂದು ಕಾಲಕ್ಕೆ ಫಾರ್ಮುಲಾ ಒನ್ ನಡೆಯುತ್ತಿದ್ದ ಜಾಗ. ಟ್ರ್ಯಾಕಿನ ಭಾಗ ಮತ್ತು ಸುತ್ತಲಿನ ಹಳ್ಳಿ ರಸ್ತೆ ಸೇರಿಸಿ ಸುಮಾರು ಎಂಟು ಕಿಲೋಮೀಟರಿನ ಸುತ್ತು. ಟ್ರ್ಯಾಕ್ ಆರಂಭವಾದ ಕೂಡಲೇ ಪ್ಯಾಡಕ್ ಹಿಲ್ ಎಂಬ ತಿರುವು, ತಿರುಗುತ್ತಲೇ ಕಡಿದಾಗಿ ಇಳಿಯುತ್ತದೆ. ಅದಾದ ಮೇಲೆ ಡ್ರೂಯಿಡ್ಸ್ ಎಂಬ ಏರು, ಅಲ್ಲಿ ಪೂರ್ತಿ ಹಿಂದಕ್ಕೆ ಹೊರಳುವ ತಿರುವು. ವಿಲ್ಕ್ ಅಲ್ಲಿ ಟೈಮ್ ಟ್ರಯಲ್ (ಗಡಿಯಾರದ ಎದುರು ಒಬ್ಬೊಬ್ಬರೇ ಓಡಿಸುವ ಸ್ಪರ್ಧೆ), ರಸ್ತೆ ಓಟ ಎರಡನ್ನೂ ಗೆದ್ದರು. ಅದೇ ದಿನಗಳಲ್ಲಿ, ಅದೇ ಟಾರಿನ ಮೇಲೆ, ಮಂಡಿಯೂರಿ ಓಡಿಸುವ ವರ್ಗದಲ್ಲಿ ಎರಡು ಚಿನ್ನ ಗೆದ್ದವರು ಇಟಲಿಯ ಅಲೆಕ್ಸ್ ಝನಾರ್ದಿ. ಮಾಜಿ ಫಾರ್ಮುಲಾ ಒನ್ ಚಾಲಕ, 2001ರಲ್ಲಿ ಜರ್ಮನಿಯ ಲೌಸಿಟ್ಸ್‌ರಿಂಗ್‌ನಲ್ಲಿ ಎರಡೂ ಕಾಲು ಕಳೆದುಕೊಂಡವರು. ಅವರು ಹದಿನಾರು ಕಿಲೋಮೀಟರನ್ನು ಕೈಯಿಂದಲೇ 25 ನಿಮಿಷದೊಳಗೆ ಮುಗಿಸಿದರು, ಅಂದರೆ ಏರಿಳಿತದ ದಾರಿಯಲ್ಲಿ ಗಂಟೆಗೆ 38 ಕಿಲೋಮೀಟರಿಗೂ ಹೆಚ್ಚಿನ ಸರಾಸರಿ. ಅಂದಹಾಗೆ, ಆ ಲಂಡನ್ ಕೂಟದಲ್ಲಿ ಭಾರತಕ್ಕೆ ಸಿಕ್ಕ ಏಕೈಕ ಪದಕ ಕರ್ನಾಟಕದ್ದು, ಎತ್ತರ ಜಿಗಿತದಲ್ಲಿ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಗೆದ್ದ ಬೆಳ್ಳಿ.

ಎರಡು ಬಗೆಯ ಮೋಟಾರ್ ರೇಸಿಂಗಿನಿಂದ ಬಂದ ಇಬ್ಬರು ಒಂದೇ ವಾರದಲ್ಲಿ ಗೆದ್ದದ್ದು ಕಾಕತಾಳೀಯವೇ? ಸ್ವಲ್ಪ ಹೌದು, ಪೂರ್ತಿ ಅಲ್ಲ. ದೇಹದ ಮಟ್ಟದಲ್ಲಿ ನೋಡಿದರೆ ಸ್ಪೀಡ್‌ವೇಗೂ ಹ್ಯಾಂಡ್‌ಸೈಕ್ಲಿಂಗ್‌ಗೂ ಸಂಬಂಧವೇ ಇಲ್ಲ. ಒಂದು ನಿಮಿಷದ ಸ್ಫೋಟ ಅದು, ಗಂಟೆಗಟ್ಟಲೆಯ ದುಡಿಮೆ ಇದು. ವಿಲ್ಕ್ ತಮ್ಮ ಹೃದಯ ಮತ್ತು ಶ್ವಾಸಕೋಶವನ್ನು ಮೂವತ್ತು ದಾಟಿದ ಮೇಲೆ ಹೊಸದಾಗಿಯೇ ಕಟ್ಟಬೇಕಾಯಿತು. ಅವರ ಜೊತೆ ದಾಟಿ ಬಂದದ್ದು ಬೇರೆ ಸಾಮಾನು. ತಿರುವಿನ ಒಳಗೆ ಎಲ್ಲಿ ನುಗ್ಗಬೇಕು, ಎಲ್ಲಿಂದ ಹೊರಬರಬೇಕು ಎಂದು ಕಣ್ಣು ಮುಂಚಿತವಾಗಿ ಹುಡುಕುವ ಅಭ್ಯಾಸ. ಹ್ಯಾಂಡ್‌ಸೈಕಲ್ ಬೈಕಿನಂತೆ ವಾಲುವುದಿಲ್ಲ. ವೇಗ ಹೆಚ್ಚಾದರೆ ಒಳಗಿನ ಚಕ್ರ ನೆಲ ಬಿಡುತ್ತದೆ, ಆಗ ಭುಜವನ್ನು ಒಳಕ್ಕೆ ಚೆಲ್ಲಿ ಅದನ್ನು ಒತ್ತಿ ಹಿಡಿಯಬೇಕು. ಭಯವಿರುವವನು ಇಲ್ಲಿ ಬ್ರೇಕ್ ಹಿಡಿಯುತ್ತಾನೆ, ಕಳೆದುಕೊಂಡ ವೇಗವನ್ನು ಮತ್ತೆ ತೋಳಿನಿಂದಲೇ ಗಳಿಸಬೇಕು. ಬ್ರೇಕೇ ಇಲ್ಲದ ಗಾಡಿಯಲ್ಲಿ ಬೆಳೆದವನಿಗೆ ಆ ಚಟವೇ ಇರುವುದಿಲ್ಲ. ಇನ್ನೊಂದು, ಯಂತ್ರದೊಂದಿಗಿನ ಸಲುಗೆ. ಕ್ರ್ಯಾಂಕ್ ಎಷ್ಟು ಉದ್ದವಿರಬೇಕು, ಭುಜದಿಂದ ಎಷ್ಟು ದೂರ, ಬೆನ್ನಿನ ಕೋನ ಎಷ್ಟು, ಟೈರಿನ ಗಾಳಿ ಎಷ್ಟು ಎಂದು ಮಿಲಿಮೀಟರಿನಲ್ಲಿ ತಲೆಕೆಡಿಸಿಕೊಳ್ಳುವುದು ಗ್ಯಾರೇಜಿನಲ್ಲಿ ಬೆಳೆದವರಿಗೆ ಸಹಜ. ಹ್ಯಾಂಡ್‌ಸೈಕಲಿನಲ್ಲಿ ಗಾಡಿಯನ್ನು ದೇಹಕ್ಕೆ ಹೊಲಿಯಬೇಕಾಗುತ್ತದೆ. ಇಬ್ಬರಿಗೆ ಒಂದೇ ಅಳತೆ ಸರಿಹೊಂದುವುದಿಲ್ಲ.

2016ರ ರಿಯೊದಲ್ಲಿ ವಿಲ್ಕ್ ಟೈಮ್ ಟ್ರಯಲ್‌ನಲ್ಲಿ ಮತ್ತೆ ಚಿನ್ನ ಗೆದ್ದರು, ರಸ್ತೆ ಓಟದಲ್ಲಿ ಜರ್ಮನಿಯ ವಿಕೊ ಮರ್ಕ್ಲೈನ್ ಹಿಂದೆ ಬೆಳ್ಳಿ. ಈ ಎರಡು ಸ್ಪರ್ಧೆಗಳು ಬೇಡುವುದು ಬೇರೆ ಬೇರೆ ಗುಣ. ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬರೇ ಹೊರಡುತ್ತಾರೆ, ಎದುರಾಳಿ ಗಡಿಯಾರ. ಆರಂಭದಲ್ಲಿ ತೋಳು ಕೊಟ್ಟುಬಿಟ್ಟರೆ ಕೊನೆಗೆ ಉಳಿಯುವುದಿಲ್ಲ ಎಂಬ ಲೆಕ್ಕಾಚಾರವೇ ಎಲ್ಲ. ರಸ್ತೆ ಓಟದಲ್ಲಿ ಎಲ್ಲರೂ ಒಟ್ಟಿಗೆ ಹೊರಟು ಒಬ್ಬರ ಹಿಂದೊಬ್ಬರು ಗಾಳಿಯ ಮರೆ ಹಿಡಿಯುತ್ತಾರೆ, ಕೊನೆಯ ಇನ್ನೂರು ಮೀಟರಿನಲ್ಲಿ ಯಾರ ಭುಜದಲ್ಲಿ ಕಸುವು ಉಳಿದಿದೆಯೋ ಅವರು ಗೆಲ್ಲುತ್ತಾರೆ. ಓಟ ಮುಗಿದ ಮೇಲಿನ ಕೆಲಸ ಟಿವಿಯಲ್ಲಿ ಕಾಣುವುದಿಲ್ಲ. ಪಟ್ಟಿ ಬಿಚ್ಚಿ ಕಾಲಿನ ಚರ್ಮವನ್ನು ಇಂಚಿಂಚು ನೋಡಬೇಕು, ಎಲ್ಲಿ ಉಜ್ಜಿದೆ, ಎಲ್ಲಿ ಕೆಂಪಾಗಿದೆ ಎಂದು. ಚಿಕ್ಕ ಗಾಯವೊಂದು ಕಣ್ತಪ್ಪಿದರೆ ತಿಂಗಳುಗಟ್ಟಲೆ ಮಲಗುವ ಹುಣ್ಣಾಗಬಹುದು. ಭುಜದ ಕೀಲಿನದು ಇನ್ನೊಂದು ಚಿಂತೆ. ಗಾಲಿಕುರ್ಚಿ ತಳ್ಳುವುದಕ್ಕೂ ಅದೇ ಭುಜ, ಹಾಸಿಗೆಯಿಂದ ಏಳುವುದಕ್ಕೂ ಅದೇ ಭುಜ, ಪದಕಕ್ಕೂ ಅದೇ ಭುಜ.

ಸ್ಪೀಡ್‌ವೇ ಬಿಟ್ಟ ಎಲ್ಲರೂ ಹೀಗೆ ಸೈಕಲ್ ಹತ್ತಿದ್ದಾರೆಂದಲ್ಲ. ಆಸ್ಟ್ರೇಲಿಯಾದ ಡಾರ್ಸಿ ವಾರ್ಡ್ 2015ರಲ್ಲಿ ಪೋಲೆಂಡಿನ ಝಿಯೆಲೊನಾ ಗೂರಾದಲ್ಲಿ ಬಿದ್ದು ಗಾಲಿಕುರ್ಚಿ ಸೇರಿದರು. 2010ರ ವಿಶ್ವ ಚಾಂಪಿಯನ್, ಪೋಲೆಂಡಿನ ಮನೆಮಾತಾದ ತೊಮಾಷ್ ಗೋಲ್ಲೊಬ್ 2017ರಲ್ಲಿ ಮೋಟೋಕ್ರಾಸ್ ಟ್ರ್ಯಾಕಿನಲ್ಲಿ ಬಿದ್ದು ಕಾಲುಗಳ ಸ್ವಾಧೀನ ಕಳೆದುಕೊಂಡರು. ಅವರು ವಿಲ್ಕ್ ಮಾಡಿದ್ದನ್ನು ಮಾಡಲಿಲ್ಲವೆಂದು ಅವರಲ್ಲಿ ಛಲ ಕಡಿಮೆ ಎನ್ನುವುದು ಎಷ್ಟು ಅಸಂಬದ್ಧವೋ, ವಿಲ್ಕ್ ಗೆದ್ದದ್ದು ಛಲದಿಂದ ಮಾತ್ರ ಎನ್ನುವುದೂ ಅಷ್ಟೇ ಅಸಂಬದ್ಧ. ಪೆಟ್ಟಿನ ಮಟ್ಟ, ನೋವಿನ ಪ್ರಮಾಣ, ವಯಸ್ಸು, ಕೈಯಲ್ಲಿರುವ ಹಣ, ಹತ್ತಿರದಲ್ಲಿರುವ ತರಬೇತುದಾರ ಎಲ್ಲವೂ ಸೇರಿ ಒಂದು ಬಾಗಿಲನ್ನು ತೆರೆಯುತ್ತವೆ ಅಥವಾ ಮುಚ್ಚುತ್ತವೆ. ನಮ್ಮವರೇ ಆದ ಬೆಂಗಳೂರಿನ ಬೈಕ್ ಸವಾರ ಸಿ.ಎಸ್. ಸಂತೋಷ್ 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಡಕಾರ್ ರ‍್ಯಾಲಿಯಲ್ಲಿ ಬಿದ್ದು, ವೈದ್ಯರು ಔಷಧಿ ಕೊಟ್ಟು ಪ್ರಜ್ಞೆ ತಪ್ಪಿಸಿ ಇಡಬೇಕಾದ ಸ್ಥಿತಿಗೆ ಹೋದರು. ಅವರು ಚೇತರಿಸಿಕೊಂಡರು. ಬಿದ್ದವರಲ್ಲಿ ಯಾರಿಗೆ ಏನಾಗುತ್ತದೆ ಎಂಬುದನ್ನು ಬೀಳುವ ಕೋನ ನಿರ್ಧರಿಸುತ್ತದೆ, ವ್ಯಕ್ತಿತ್ವವಲ್ಲ.

ಭಾರತದಲ್ಲಿ ಪ್ಯಾರಾ ಸೈಕ್ಲಿಂಗ್ ಈಗಷ್ಟೇ ಕಣ್ಣು ಬಿಡುತ್ತಿದೆ. ಪ್ಯಾರಾಲಿಂಪಿಕ್ಸ್ ಸೈಕ್ಲಿಂಗ್‌ನಲ್ಲಿ ಭಾರತೀಯರು ಮೊದಲ ಬಾರಿ ಕಾಣಿಸಿಕೊಂಡದ್ದು 2024ರ ಪ್ಯಾರಿಸ್‌ನಲ್ಲಿ, ಅರ್ಷದ್ ಶೇಖ್ ಮತ್ತು ಜ್ಯೋತಿ ಗಡೇರಿಯಾ. ಇಬ್ಬರೂ ಸಿ2 ವರ್ಗದವರು, ಎರಡು ಚಕ್ರದ ಸೈಕಲಿನವರು. ಹ್ಯಾಂಡ್‌ಸೈಕಲಿನ ವರ್ಗಗಳಲ್ಲಿ ನಮ್ಮವರು ಇರಲಿಲ್ಲ. ಸ್ಪರ್ಧೆಗೆ ಯೋಗ್ಯವಾದ ಕಾರ್ಬನ್ ಫೈಬರ್ ಹ್ಯಾಂಡ್‌ಸೈಕಲ್ ಲಕ್ಷಗಟ್ಟಲೆ ಬೆಲೆಯದು, ಹೊರದೇಶದಿಂದ ತರಿಸಬೇಕು. ಬೆನ್ನುಹುರಿ ಗಾಯಾಳುವಿಗೆ ಸರಿಯಾದ ಅಳತೆಯ ಗಾಲಿಕುರ್ಚಿ ಸಿಗುವುದೇ ಕಷ್ಟವಿರುವಾಗ ಅದು ದೂರದ ಮಾತು. ಮೊದಲ ಮೆಟ್ಟಿಲಿಗೆ ಅಷ್ಟು ದುಬಾರಿಯದು ಬೇಕಿಲ್ಲ. ಇರುವ ಗಾಲಿಕುರ್ಚಿಯ ಮುಂದೆ ಒಂದು ಚಕ್ರ ಮತ್ತು ಕೈ ಕ್ರ್ಯಾಂಕನ್ನು ಸಿಕ್ಕಿಸಿ ಓಡಿಸುವ ಜೋಡಣೆಗಳಿವೆ.

ಗಾಡಿ ಸಿಕ್ಕಿದರೂ ಓಡಿಸುವುದು ಎಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ಮಲಗಿ ಓಡಿಸುವವನ ತಲೆ ಲಾರಿಯ ಚಕ್ರಕ್ಕಿಂತ ಕೆಳಗಿರುತ್ತದೆ, ಚಾಲಕನಿಗೆ ಅವನು ಕಾಣುವುದೇ ಇಲ್ಲ. ಇಟಲಿಯಂಥ ದೇಶದಲ್ಲೇ, 2020ರ ಜೂನ್‌ನಲ್ಲಿ ಟಸ್ಕನಿಯ ತೆರೆದ ರಸ್ತೆಯಲ್ಲಿ ಝನಾರ್ದಿ ಎದುರಿನಿಂದ ಬಂದ ಲಾರಿಗೆ ಡಿಕ್ಕಿ ಹೊಡೆದು ತಲೆಗೆ ಭೀಕರ ಪೆಟ್ಟು ಮಾಡಿಕೊಂಡರು. ಹೊಂಡ, ಹಂಪ್, ಎದುರು ದಿಕ್ಕಿನಲ್ಲಿ ಬರುವ ಬೈಕುಗಳ ನಡುವೆ ನಮ್ಮ ಹೆದ್ದಾರಿಯಲ್ಲಿ ಇದನ್ನು ಅಭ್ಯಾಸ ಮಾಡಿ ಎಂದು ಯಾರಿಗೂ ಹೇಳುವ ಧೈರ್ಯ ನನಗಿಲ್ಲ. ವಾಹನ ಸಂಚಾರವಿಲ್ಲದ, ನುಣುಪಾದ, ಏರಿಳಿತವೂ ತಿರುವೂ ಇರುವ, ಬಿದ್ದರೆ ಆಂಬುಲೆನ್ಸ್ ಒಳಬರಲು ದಾರಿ ಇರುವ ಜಾಗ ಎಂದರೆ ರೇಸ್ ಟ್ರ್ಯಾಕೇ. ಚೆನ್ನೈ ಹೊರವಲಯದ ಇರುಂಗಾಟ್ಟುಕೋಟೈ ಟ್ರ್ಯಾಕಿನ ಒಂದು ಸುತ್ತು 3.7 ಕಿಲೋಮೀಟರು, ಕೊಯಮತ್ತೂರಿನ ಕಾರಿ ಟ್ರ್ಯಾಕಿನದು 2.1. ಬೈಕುಗಳ ರೇಸ್ ಇಲ್ಲದ ದಿನಗಳಲ್ಲಿ ಬೆಳಗಿನ ಒಂದೆರಡು ಗಂಟೆ ಈ ಟ್ರ್ಯಾಕುಗಳನ್ನು ಹ್ಯಾಂಡ್‌ಸೈಕಲಿನವರಿಗೆ ಬಿಟ್ಟುಕೊಡುವುದಕ್ಕೆ ಹೊಸ ಡಾಂಬರು ಹಾಕಬೇಕಿಲ್ಲ, ಹೊಸ ಕಟ್ಟಡ ಕಟ್ಟಬೇಕಿಲ್ಲ. ಗೇಟಿನಲ್ಲಿ ಒಂದು ಇಳಿಜಾರು, ಗಾಲಿಕುರ್ಚಿ ಹೋಗುವಷ್ಟು ಅಗಲದ ಶೌಚಾಲಯ, ಬಿದ್ದವರನ್ನು ಹೇಗೆ ಎತ್ತಬೇಕೆಂದು ಗೊತ್ತಿರುವ ಇಬ್ಬರು ಸಿಬ್ಬಂದಿ ಸಾಕು. ಮೂರನೆಯ ವ್ಯವಸ್ಥೆ ಅಲ್ಲಿ ಈಗಾಗಲೇ ಇರಲೇಬೇಕಾದದ್ದು.